ಒನ್ಸ್ ಮೋರ್ ಅಂದರೆ ಎದ್ದು ಹಾಡುವವನು

ಒಂದು ಹಾಡಿದೆ. ಎಷ್ಟು ಉದ್ದ, ಹೇಳಿ ನೋಡೋಣ?

ಐದು ನಿಮಿಷ? ಅಲ್ಲ. ಮೂರು? ಊಹೂಂ. ಒಂದು? ಇನ್ನೂ ಇಳಿಯಿರಿ!

ಬರೀ ಅರ್ಧ ನಿಮಿಷ! ಹಾಲು ಉಕ್ಕಿತೆಂದು ಒಲೆಯ ಹತ್ತಿರ ಓಡಿ, ಉರಿ ತಗ್ಗಿಸಿ, ವಾಪಸ್ ಬರುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಅಷ್ಟು ಪುಟ್ಟದು.

ಆ ಪುಟ್ಟ ಹಾಡು ನನ್ನ ಒಂದಿಡೀ ವಾರವನ್ನು ನುಂಗಿ ನೀರು ಕುಡಿದಿದೆ. ಈಗ ನಿಮ್ಮ ಸರದಿ. ಕೂತುಕೊಳ್ಳಿ!

ಮೊದಲ ಸಲ ಅದನ್ನು ಕೇಳಿದ್ದು ಒಂದು ರಾತ್ರಿ, ಊಟದ ಮೇಜಿನ ಹತ್ತಿರ, ಮೊಬೈಲಿನಲ್ಲಿ. ಎದುರಿಗೆ ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಮೊದಲು ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಚಟಪಟ. ಅದರ ಹಿಂದೆ ಎಲ್ಲೋ ದೂರದಲ್ಲಿ ಪಿಯಾನೊ. ಆಮೇಲೆ ಒಂದು ಗಂಡು ದನಿ.

"ಯಾರೋ ಅದು, ತಗಡಿನ ಡಬ್ಬದೊಳಗೆ ಕೂತು ಹಾಡ್ತಿರೋದು?" ಅಂದಳು ಅಮ್ಮ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಅಮ್ಮ ಎಷ್ಟು ಸರಿಯಾಗಿ ಹೇಳಿದ್ದಳು ಅನ್ನುವುದು ಮುಂದೆ ಗೊತ್ತಾಗುತ್ತದೆ!

ಹಾಡು ಮುಗಿಯಿತು. ಫೋನು ಕೆಳಗಿಡೋಣ ಅಂದುಕೊಂಡೆ. ಆಗ ಕೇಳಿಸಿತು ನೋಡಿ! ಚಪ್ಪಾಳೆ! ಕೂಗು! ಆ ಕೋಣೆಯಲ್ಲಿ ಜನ ಇದ್ದಾರೆ! ಪಿಯಾನೊ ಮತ್ತೆ ಶುರು. ಅದೇ ಹಾಡು, ಮೊದಲಿನಿಂದ!

ಅಮ್ಮನ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತು. "ಅಯ್ಯೋ, ಒನ್ಸ್ ಮೋರ್ ಅಂದ್ರು ಕಣೋ!"

ಕಂಪನಿ ನಾಟಕ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮ್ಮನ ಊರಿನ ಜಾತ್ರೆಗೆ ನಾಟಕದ ಕಂಪನಿ ಬಂದು ಟೆಂಟು ಹಾಕುತ್ತಿತ್ತಂತೆ. ರಂಗಗೀತೆ ಹಿಡಿಸಿದರೆ ಜನ "ಒನ್ಸ್ ಮೋರ್!" ಎಂದು ಕೂಗುವುದು, ನಟ ಮತ್ತೆ ಹಾಡುವುದು. ಒಮ್ಮೆ ಯುದ್ಧದ ಸೀನು. ವೀರನಿಗೆ ಬಾಣ ತಗುಲಿತು. ಹಾಡಿದ. ಸತ್ತು ಬಿದ್ದ. ಹಿಂದಿನ ಸಾಲಿನಿಂದ ಒನ್ಸ್ ಮೋರ್! ಹೆಣ ಎದ್ದು ಕೂತಿತು! ಮೀಸೆ ಸರಿಮಾಡಿಕೊಂಡು ಪೂರ್ತಿ ಹಾಡಿತು! ಆಮೇಲೆ ಮತ್ತೆ ಸತ್ತಿತು!

ನಕ್ಕೆವು. ಆಮೇಲೆ ನಾನು ಹುಡುಕಲು ಕೂತೆ. ಈ ಹಾಡಿದವನು ಯಾರು?

ಸಿಕ್ಕಿದ ಉತ್ತರಕ್ಕೆ ಮೈ ಜುಮ್ಮೆಂದಿತು.

ಊಹಿಸುತ್ತೀರಾ? ಮೊದಲ ಸುಳಿವು: ಅವನದು ಬ್ಯಾರಿಟೋನ್ ದನಿ. ಅಂದರೆ ಟೆನರ್‌ನಷ್ಟು ಮೇಲೂ ಅಲ್ಲ, ಬೇಸ್‌ನಷ್ಟು ಕೆಳಗೂ ಅಲ್ಲ. ನಡುವಿನ ಗಂಡು ದನಿ. ಆಪೆರಾಗಳಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕಗಳಲ್ಲಿ, ಖಳರು, ಅಪ್ಪಂದಿರು, ಕುತಂತ್ರಿಗಳು, ಕೋಡಂಗಿಗಳು ಬಹುಪಾಲು ಈ ದನಿಗೇ ಮೀಸಲು.

ಎರಡನೆಯ ಸುಳಿವು: 1887ರ ಫೆಬ್ರವರಿ 5. ಇಟಲಿಯ ಮಿಲಾನ್ ನಗರ, ಲಾ ಸ್ಕಾಲಾ ರಂಗಮಂದಿರ. ಜುಸೆಪ್ಪೆ ವೆರ್ಡಿ ಎಂಬ ಮಹಾಶಯನ ಹೊಸ ಆಪೆರಾ 'ಒಟೆಲ್ಲೊ'. ಷೇಕ್ಸ್‌ಪಿಯರನ ಒಥೆಲೊ! ಅದರಲ್ಲಿ ಕಿವಿಯೊಳಗೆ ವಿಷ ಹೊಯ್ಯುವ ಇಯಾಗೊ ಇದ್ದಾನಲ್ಲ, ಆ ಪಾತ್ರವನ್ನು ಜಗತ್ತಿನಲ್ಲಿ ಮೊಟ್ಟಮೊದಲು ಹಾಡಿದವನು ಇವನೇ. ಬರೆಯುವ ಕಾಲದಲ್ಲಿ ವೆರ್ಡಿ ಆ ಆಪೆರಾವನ್ನು ಬಹಳ ದಿನ 'ಇಯಾಗೊ' ಎಂದೇ ಕರೆಯುತ್ತಿದ್ದ. ಖಳನ ತೂಕ ಅಷ್ಟು!

ಮೂರನೆಯ ಸುಳಿವು: 1892ರ ಮೇ 21. ಅದೇ ಮಿಲಾನ್, ಬೇರೆ ರಂಗಮಂದಿರ. ಲಿಯಾನ್‌ಕವಾಲ್ಲೊನ 'ಪಾಲ್ಯಾಚ್ಚಿ' ಆಪೆರಾದ ಮೊದಲ ಪ್ರದರ್ಶನ. ತೆರೆಯ ಮುಂದೆ ಬಂದು ನಾಟಕದ ಪೀಠಿಕೆ ಹಾಡುವ ಗೂನು ಬೆನ್ನಿನ ಟೋನಿಯೊ ಯಾರು? ಮತ್ತೆ ಇವನೇ!

ನಾಲ್ಕನೆಯದು: 1893ರ ಫೆಬ್ರವರಿ 9. ಮತ್ತೆ ಲಾ ಸ್ಕಾಲಾ. ವೆರ್ಡಿಯ ಕೊನೆಯ ಆಪೆರಾ 'ಫಾಲ್‌ಸ್ಟಾಫ್'. ಕಥಾನಾಯಕ ಫಾಲ್‌ಸ್ಟಾಫ್ ಯಾರು?

ಇವನೇ! ಇವನೇ! ವಿಕ್ಟರ್ ಮೊರೆಲ್!

ಆರು ವರ್ಷ. ಮೂರು ಆಪೆರಾ. ಮೂರೂ ಇವತ್ತಿಗೂ ಜಗತ್ತಿನ ಯಾವುದಾದರೊಂದು ಮೂಲೆಯಲ್ಲಿ ರಂಗವೇರುತ್ತಲೇ ಇವೆ. ಮೂರಕ್ಕೂ ಮೊದಲ ಉಸಿರು ಕೊಟ್ಟ ಗಂಟಲು ಒಂದೇ. ಆ ಗಂಟಲು ನಮ್ಮ ಊಟದ ಮೇಜಿನ ಮೇಲೆ, ಅವರೆಕಾಯಿ ಸಿಪ್ಪೆಯ ಪಕ್ಕ!

ಈಗ ಆ 1893ರ ರಾತ್ರಿಗೆ ಬನ್ನಿ. ಟಿಕೆಟ್ ದರ ಮಾಮೂಲಿಗಿಂತ ಎಷ್ಟು ಪಟ್ಟು ಹೆಚ್ಚಿತ್ತು ಗೊತ್ತೇ?

ಎರಡು ಪಟ್ಟು? ಐದು? ಹತ್ತು?

ಮೂವತ್ತು ಪಟ್ಟು! ಬ್ಲ್ಯಾಕಿನಲ್ಲಿ ಅಲ್ಲ ಸ್ವಾಮಿ, ಕೌಂಟರಿನಲ್ಲೇ!

ಯಾಕೆ? ವೆರ್ಡಿಗೆ ಆಗ 79 ವರ್ಷ. ಜೀವಮಾನವಿಡೀ ರಕ್ತ, ಕಣ್ಣೀರು, ಸಾವು ಬರೆದವನು. ಹಿಂದೆ ಒಂದೇ ಒಂದು ಹಾಸ್ಯ ಆಪೆರಾ ಮಾಡಿದ್ದ. 1840ರಲ್ಲಿ. ಅದು ಮಕಾಡೆ ಮಲಗಿತ್ತು. 53 ವರ್ಷ ಆದಮೇಲೆ ಮುದುಕ ಮತ್ತೆ ಹಾಸ್ಯಕ್ಕೆ ಕೈ ಹಾಕಿದ್ದಾನೆ! ಯಾರಿಗೆ ತಡೆದೀತು?

ತಾಲೀಮಿಗೆ ಮುಂಚೆ ರಂಪವೂ ಆಗಿತ್ತು. ಮೊರೆಲ್ ಕೇಳಿದ ಸಂಭಾವನೆಗೆ ವೆರ್ಡಿ ಕೆಂಡಾಮಂಡಲ. ಆಪೆರಾವನ್ನೇ ವಾಪಸ್ ತೆಗೆದುಕೊಳ್ಳುತ್ತೇನೆ ಅಂದುಬಿಟ್ಟ! ಕೊನೆಗೂ ಹಾಡಿದವನು ಮೊರೆಲ್ಲೇ. ಆ ರಾತ್ರಿ ಆಪೆರಾ ಮುಗಿದ ಮೇಲೆ ಚಪ್ಪಾಳೆ ಎಷ್ಟು ಹೊತ್ತು ನಡೆಯಿತು?

ಐದು ನಿಮಿಷ ಅಂದಿರಾ? ಒಂದು ಗಂಟೆ!

ನಮ್ಮ ಅರ್ಧ ನಿಮಿಷದ ಹಾಡು ಇದೇ ಆಪೆರಾದ್ದು. ಎರಡನೆಯ ಅಂಕದಲ್ಲಿ ಬರುತ್ತದೆ. 'ಕ್ವಾಂಡೆರೊ ಪಾಜ್ಜೊ'. ನಾನು ಊಳಿಗದ ಹುಡುಗನಾಗಿದ್ದಾಗ, ಎಂದು ಅರ್ಥ.

ದೃಶ್ಯ ಕಣ್ಣಮುಂದೆ ತಂದುಕೊಳ್ಳಿ. ಫಾಲ್‌ಸ್ಟಾಫ್ ಹೊಟ್ಟೆಬಾಕ, ಕುಡುಕ, ಮುದುಕ. ಬಾಗಿಲಲ್ಲಿ ಹೊಟ್ಟೆ ಮೊದಲು ಬರುತ್ತದೆ, ಆಮೇಲೆ ಅವನು ಬರುತ್ತಾನೆ. ಅಂಥವನು ಒಬ್ಬ ಗೃಹಿಣಿಯ ಮುಂದೆ ಕೂತು ಜಂಬ ಕೊಚ್ಚಿಕೊಳ್ಳುತ್ತಿದ್ದಾನೆ. ಡ್ಯೂಕನ ಮನೆಯಲ್ಲಿ ಊಳಿಗಕ್ಕಿದ್ದಾಗ ನಾನು ಎಷ್ಟು ತೆಳ್ಳಗಿದ್ದೆ, ಎಷ್ಟು ಹಗುರ, ಎಷ್ಟು ಚೆಂದ, ಉಂಗುರದೊಳಗೆ ತೂರಿ ಹೋಗಬಹುದಿತ್ತು ಅಂತ!

ಆ ಡೊಳ್ಳು ಹೊಟ್ಟೆಯಿಂದ ವೆರ್ಡಿ ಹೊರಡಿಸುವ ಸಂಗೀತ ಎಂಥದ್ದು? ಚಿಟ್ಟೆ! ಪಟಪಟನೆ ಹಾರಿ, ಕೈಗೆ ಸಿಗುವಷ್ಟರಲ್ಲಿ ಮಾಯ. ಅದಕ್ಕೇ ಅರ್ಧ ನಿಮಿಷ. ತೆಳ್ಳಗಿದ್ದ ಹುಡುಗನ ಬಗ್ಗೆ ಹಾಡು, ಹಾಡೂ ತೆಳ್ಳಗೆ!

ಮೊರೆಲ್ ಇದನ್ನು ಗ್ರಾಮೊಫೋನ್ ತಟ್ಟೆಯ ಮೇಲೆ ಹಾಡಿದ್ದು 1907ರಲ್ಲಿ, ಮಿಲಾನಿನ ಫೋನೋಟಿಪಿಯಾ ಕಂಪನಿಗೆ. ಅವನು ಹುಟ್ಟಿದ್ದು 1848ರಲ್ಲಿ. ಲೆಕ್ಕ ಹಾಕಿ. ಅರವತ್ತರ ಹೊಸ್ತಿಲು! 'ನಾನು ಹುಡುಗನಾಗಿದ್ದಾಗ' ಎಂದು ಮುದುಕನ ಪಾತ್ರ ಹಾಡುವುದನ್ನು ಈಗ ನಿಜಕ್ಕೂ ವಯಸ್ಸಾದವನೇ ಹಾಡುತ್ತಿದ್ದಾನೆ. ಆ ಹೊಳೆವ ರಾತ್ರಿ ಕಳೆದು 14 ವರ್ಷವಾಗಿದೆ.

ದನಿ ಸವೆದಿದೆಯೇ? ಸವೆದಿದೆ. ದೊಡ್ಡ ದನಿ ಬೇಕಾದವರು ಬೇರೆ ತಟ್ಟೆ ಹುಡುಕಿಕೊಳ್ಳಲಿ. ಆದರೆ ಮಾತು ಕೇಳಿ! ಒಂದೊಂದು ಅಕ್ಷರವೂ ಹುರಿಗಡಲೆ ಕಡಿದ ಹಾಗೆ. ನಗುವನ್ನು ಹಲ್ಲಿನ ಸಂದಿಯಲ್ಲಿ ಹಿಡಿದಿಟ್ಟುಕೊಂಡೇ ಹಾಡುತ್ತಾನೆ. ಇಟಾಲಿಯನ್ ನನಗೆ ಬಾರದು. ಆದರೂ ಜಂಬದ ಮುದುಕ ಹುಬ್ಬು ಹಾರಿಸುವುದು ನನಗೆ ಕಾಣಿಸಿತು!

ಈಗ ಬರುತ್ತದೆ ನೋಡಿ ನಿಜವಾದ ಪವಾಡ. ಇದನ್ನು ಧ್ವನಿಮುದ್ರಣ ಮಾಡಲು ಎಷ್ಟು ಮೈಕು ಬಳಸಿದರು?

ಒಂದು?

ಸೊನ್ನೆ!

ಎಷ್ಟು ಕರೆಂಟು ಖರ್ಚಾಯಿತು?

ಅದೂ ಸೊನ್ನೆ!

ರೆಕಾರ್ಡ್ ಕಂಪನಿಗಳು ಮೈಕಿಗೆ ಬದಲಾದದ್ದು 1925ರಲ್ಲಿ. ಅದಕ್ಕೆ ಮುಂಚೆ ಇದ್ದದ್ದು ಒಂದು ತುತ್ತೂರಿ. ದೇವಸ್ಥಾನದ ಕಹಳೆಯನ್ನು ತಿರುಗಿಸಿ ಹಿಡಿದ ಹಾಗೆ. ಊದುವ ಬಾಯಿ ಆ ಕಡೆ, ಅಗಲದ ಬಾಯಿ ಗಾಯಕನ ಕಡೆ. ಗಾಯಕ ಅದರೊಳಗೆ ಹಾಡಬೇಕು. ತುತ್ತೂರಿಯ ತುದಿಯಲ್ಲಿ ಒಂದು ತೆಳು ಪೊರೆ. ಪೊರೆಗೆ ಒಂದು ಮೊನೆ. ಮೊನೆಯ ಕೆಳಗೆ ಗರಗರ ತಿರುಗುವ ಮೇಣದ ದಪ್ಪ ಬಿಲ್ಲೆ.

ದನಿ ಪೊರೆಯನ್ನು ನಡುಗಿಸುತ್ತದೆ. ಪೊರೆ ಮೊನೆಯನ್ನು ಅಲುಗಿಸುತ್ತದೆ. ಮೊನೆ ಮೇಣವನ್ನು ಕೊರೆಯುತ್ತದೆ. ಇಷ್ಟೇ!

ಯೋಚಿಸಿ! ಮೇಣದಲ್ಲಿ ಹಾಡನ್ನು ಬರೆದ ಶಕ್ತಿ ಯಾರದ್ದು? ಯಾವ ಯಂತ್ರದ್ದೂ ಅಲ್ಲ. ಸ್ಪ್ರಿಂಗೋ ತೂಕದ ಕಲ್ಲೋ ಬಿಲ್ಲೆಯನ್ನು ತಿರುಗಿಸಿತು, ಸರಿ. ಆದರೆ ಆ ಗೀರನ್ನು ಅಡ್ಡಡ್ಡ ಅಲುಗಿಸಿದ್ದು ಮೊರೆಲ್‌ನ ಉಸಿರು! ಆ ಚಡಿ ಅವನ ಶ್ವಾಸಕೋಶದ ಕೆತ್ತನೆ!

ಅಮ್ಮ ಹೇಳಿದ ತಗಡಿನ ಡಬ್ಬ ನೆನಪಾಯಿತೇ? ತುತ್ತೂರಿ ತಗಡಿನದ್ದೇ!

ಆ ಕೋಣೆಯ ಕಷ್ಟವನ್ನಂತೂ ಕೇಳಲೇಬೇಡಿ. ಪಿಯಾನೊವನ್ನು ಎತ್ತರದ ಕಟ್ಟೆಯ ಮೇಲೆ ಏರಿಸುವುದು, ಹಿಂಬದಿಯ ಹಲಗೆ ಕಿತ್ತುಹಾಕುವುದು. ಇಲ್ಲದಿದ್ದರೆ ತುತ್ತೂರಿಗೆ ಅದು ಕೇಳಿಸದು. ಗಾಯಕನ ಪಕ್ಕದಲ್ಲಿ ಒಬ್ಬ ಆಳು. ಅವನ ಕೆಲಸವೇನು ಗೊತ್ತೇ? ತಳ್ಳುವುದು, ಎಳೆಯುವುದು! ಮೆಲು ಸ್ವರ ಬಂದಾಗ ಗಾಯಕನನ್ನು ತುತ್ತೂರಿಯ ಬಾಯಿಗೆ ತಳ್ಳಬೇಕು. ತಾರಕಕ್ಕೆ ಏರಿದಾಗ ಹಿಂದಕ್ಕೆಳೆಯಬೇಕು. ತಡಮಾಡಿದರೆ ಮೊನೆ ಚಡಿ ಬಿಟ್ಟು ಹಾರಿತು, ಮೇಣ ಹಾಳು!

ಹಾಡಿದ್ದು ಹೇಗಾಯಿತು ಎಂದು ಆಗಲೇ ಕೇಳಿ ನೋಡಬಹುದಿತ್ತೇ? ಇಲ್ಲ! ಮೆತ್ತನೆಯ ಮೇಣದ ಮೇಲೆ ಮುಳ್ಳು ಓಡಿಸಿದರೆ ಹಾಡೇ ಅಳಿಸಿಹೋಗುತ್ತದೆ. ಕಣ್ಣು ಮುಚ್ಚಿ ಬಾಣ ಬಿಡುವ ಕೆಲಸ.

ಆಪೆರಾದ ರಾಜನಿಗೆ ಇದು ಹೇಗನ್ನಿಸಿರಬೇಡ! ಲಾ ಸ್ಕಾಲಾದ ದೀಪಮಾಲೆಯ ಮುಂದೆ ನಿಂತವನು ಈಗ ಒಂದು ತಗಡಿನ ತೂತಿನ ಮುಂದೆ!

ಇನ್ನೂ ಒಂದು ತಮಾಷೆ ಇದೆ. ಇಯಾಗೊ ಪಾತ್ರದಲ್ಲಿ ಒಂದು ಹಾಡು ಬರುತ್ತದೆ. 'ಎರಾ ಲಾ ನೊತ್ತೆ'. ನಿನ್ನ ಹೆಂಡತಿಯ ಹೆಸರನ್ನು ಇನ್ನೊಬ್ಬ ನಿದ್ದೆಯಲ್ಲಿ ಕನವರಿಸುತ್ತಿದ್ದ, ನಾನೇ ಕೇಳಿದೆ ಎಂದು ಇಯಾಗೊ ಒಟೆಲ್ಲೊನ ಬಳಿ ಹಸಿ ಸುಳ್ಳು ಹೇಳುತ್ತಾನೆ. ಅದನ್ನು ಹೇಗೆ ಹಾಡಬೇಕು? ಪಿಸುಮಾತಿನಲ್ಲಿ! ವೆರ್ಡಿ ಬರೆದಿರುವುದೇ ಹಾಗೆ. ಗುಟ್ಟು ಹೇಳುವವನು ಅರಚುತ್ತಾನೆಯೇ?

ತುತ್ತೂರಿಗೆ ಬೇಕಾದದ್ದು ಗಟ್ಟಿ ದನಿ. ಈ ಹಾಡಿಗೆ ಬೇಕಾದದ್ದು ಪಿಸುದನಿ. ಕಿವುಡನಿಗೆ ಗುಟ್ಟು ಹೇಳುವುದು ಹೇಗೆ?

ಮೊರೆಲ್ ಹೇಳಿದ! ಅದೂ ತಟ್ಟೆಯ ಮೇಲಿದೆ. ದನಿ ತಗ್ಗಿಸುತ್ತಾನೆ, ಅಕ್ಷರ ಮಾತ್ರ ಹರಿತ ಮಾಡುತ್ತಾನೆ. ಪಿಸುಮಾತು ತುತ್ತೂರಿಯನ್ನು ದಾಟಿ, ಮೇಣವನ್ನು ದಾಟಿ, ಶತಮಾನವನ್ನು ದಾಟಿ ನಿಮ್ಮ ಕಿವಿಗೆ ಬೀಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಬೆನ್ನ ಹಿಂದೆ ಯಾರೋ ನಿಂತ ಹಾಗೆ ತಿರುಗಿ ನೋಡುತ್ತೀರಿ!

ಈಗ ಹೇಳುವುದನ್ನು ನಂಬುವುದು ಕಷ್ಟ. ಆದರೂ ಹೇಳುತ್ತೇನೆ.

ಈ ತಟ್ಟೆಗಳಲ್ಲಿ ನಿಮಗೆ ಕೇಳಿಸುವ ಮಂದ್ರ ಸ್ವರಗಳು ಇವೆಯಲ್ಲ, ಆ ಗಂಭೀರ ಗಂಡು ಸ್ವರಗಳು? ಅವುಗಳ ಬುಡ ತಟ್ಟೆಯ ಮೇಲೆ ಬಹುಪಾಲು ಇಲ್ಲವೇ ಇಲ್ಲ!

ತುತ್ತೂರಿಗೆ ಸುಮಾರು 250 ಹರ್ಟ್ಸ್‌ಗಿಂತ ಕೆಳಗಿನ ಕಂಪನ ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ. ಬ್ಯಾರಿಟೋನ್‌ನ ಮಂದ್ರ ಸ್ವರಗಳು ಇಳಿಯುವುದು 110 ಹರ್ಟ್ಸ್‌ವರೆಗೆ! ಅಂದರೆ ಅರ್ಧಕ್ಕರ್ಧ ಸ್ವರಗಳ ತಳಪಾಯವೇ ಮಾಯ. ಉಳಿದದ್ದು ಮೇಲಿನ ಪ್ರತಿಧ್ವನಿಗಳಂಥ ಉಪಸ್ವರಗಳು ಮಾತ್ರ.

ಹಾಗಾದರೆ ಆ ಮಂದ್ರವನ್ನು ಹಾಡುತ್ತಿರುವವರು ಯಾರು?

ನೀವು! ನಿಮ್ಮ ಮಿದುಳು! ಉಪಸ್ವರಗಳ ಸಾಲು ಕೇಳಿದ ಕೂಡಲೇ ಮಿದುಳು ಲೆಕ್ಕ ಹಾಕಿ, ಕೆಳಗೆ ಇರಲೇಬೇಕಾದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಲ್ಯಾಂಡ್‌ಲೈನ್ ಫೋನೂ 300 ಹರ್ಟ್ಸ್‌ಗಿಂತ ಕೆಳಗಿನದನ್ನು ಸಾಗಿಸುತ್ತಿರಲಿಲ್ಲ. ಆದರೂ ಅದರಲ್ಲಿ ಅಪ್ಪನ ದನಿ ಅಪ್ಪನದ್ದೇ ಆಗಿರುತ್ತಿತ್ತು, ಅಲ್ಲವೇ? ಅದೇ ಉಪಾಯ!

ಅರ್ಧ ಮೊರೆಲ್ ತಟ್ಟೆಯಲ್ಲಿದ್ದಾನೆ. ಇನ್ನರ್ಧ ನಿಮ್ಮ ತಲೆಯಲ್ಲಿ. ಇಬ್ಬರೂ ಸೇರಿದರೆ ಹಾಡು!

ಹುಷಾರು, ಇನ್ನೊಂದು ಬಲೆ ಇದೆ. ಈ ತಟ್ಟೆಗಳಿಗೆ 78 ಎಂಬ ಹೆಸರು ಅಂಟಿದೆ. ನಿಮಿಷಕ್ಕೆ 78 ಸುತ್ತು ಎಂದು. ಆದರೆ ಆ ಕಾಲದಲ್ಲಿ ಯಾರು ಪಾಲಿಸುತ್ತಿದ್ದರು? ಒಂದೊಂದು ಕಂಪನಿಗೆ ಒಂದೊಂದು ವೇಗ. ಒಂದೇ ದಿನದ ಎರಡು ತಟ್ಟೆಗಳಿಗೂ ಹೊಂದಿಕೆ ಇಲ್ಲ!

ನಾಲ್ಕೈದು ಸುತ್ತು ಹೆಚ್ಚುಕಡಿಮೆ ಆದರೆ ಏನಾಗುತ್ತದೆ? ಹಾರ್ಮೋನಿಯಂನಲ್ಲಿ ಶ್ರುತಿ ಪಕ್ಕದ ಮನೆಗೆ ಜಿಗಿದುಬಿಡುತ್ತದೆ. ಇನ್ನಷ್ಟು ಜೋರಾಗಿ ತಿರುಗಿಸಿದರೆ ನಮ್ಮ ದಪ್ಪ ನಾಯಕ ಕೀಚಲು ಟೆನರ್! ಅದಕ್ಕೇ ತಟ್ಟೆ ಸಂಗ್ರಹಿಸುವವರು ಪಿಯಾನೊ ಪಕ್ಕದಲ್ಲಿಟ್ಟುಕೊಂಡು, ವೆರ್ಡಿ ಬರೆದ ಶ್ರುತಿಗೆ ಸರಿಹೊಂದುವವರೆಗೆ ವೇಗ ತಿರುಚುತ್ತಾರೆ. ನಿಜವಾದ ಮೊರೆಲ್ ಆ ಒಂದು ಬಿಂದುವಿನಲ್ಲಿ ಮಾತ್ರ ಸಿಗುತ್ತಾನೆ. ಒಂಚೂರು ಆಚೀಚೆ ಆದರೂ ಅವನ ದೂರದ ನೆಂಟ!

ಇನ್ನೊಂದು ಪ್ರಶ್ನೆ. 1887ರ ಆ ಮೊದಲ ರಾತ್ರಿ ಇಯಾಗೊನ ಎದುರು ನಿಂತ ಒಟೆಲ್ಲೊ ಏನಾದ?

ಅವನ ಹೆಸರು ಫ್ರಾಂಚೆಸ್ಕೊ ತಮಾನ್ಯೊ. ಗುಡುಗಿನಂಥ ಟೆನರ್. ಅವನೂ ತಟ್ಟೆಯ ಮೇಲಿದ್ದಾನೆ! 1903ರಲ್ಲಿ ಸಮುದ್ರ ತೀರದ ಒಸ್ಪೆದಲೆತ್ತಿ ಎಂಬ ಊರಿನ ಅವನ ಮನೆಗೇ ರೆಕಾರ್ಡ್ ಕಂಪನಿಯವರು ಯಂತ್ರ ಹೊತ್ತುಕೊಂಡು ಹೋದರು. ಎರಡೇ ವರ್ಷ. 1905ರಲ್ಲಿ ತಮಾನ್ಯೊ ತೀರಿಕೊಂಡ.

ಒಂದು ಉಸಿರಿನ ಅಂತರ! ಮೋಸ ಮಾಡಿದವನೂ ಸಿಕ್ಕಿದ, ಮೋಸ ಹೋದವನೂ ಸಿಕ್ಕಿದ. ಆ ರಾತ್ರಿಯ ಎರಡೂ ದನಿ ಉಳಿದವು! ವೆರ್ಡಿ ಮಾತ್ರ ಇವನ್ನು ಕೇಳಲಿಲ್ಲ. 1901ರ ಜನವರಿಯಲ್ಲೇ ಹೊರಟುಹೋಗಿದ್ದ.

1887ರ ಆ ರಾತ್ರಿ ವಾದ್ಯಗಾರರ ಸಾಲಿನಲ್ಲಿ ಚೆಲ್ಲೊ ಹಿಡಿದು ಕೂತ 19ರ ಹುಡುಗನೊಬ್ಬನಿದ್ದ. ಐದು ವರ್ಷ ಆದಮೇಲೆ ಮೊರೆಲ್ ಟೋನಿಯೊ ಹಾಡಿದಾಗ ಕೋಲು ಹಿಡಿದು ವಾದ್ಯವೃಂದ ನಡೆಸಿದವನೂ ಅದೇ ಹುಡುಗ. ಹೆಸರು ಹೇಳಿ ನೋಡೋಣ?

ಆರ್ಟುರೊ ಟೊಸ್ಕಾನಿನಿ! ಮುಂದೆ ಜಗತ್ತನ್ನೇ ನಡುಗಿಸಿದ ಟೊಸ್ಕಾನಿನಿ!

ಸರಿ, ಇಟಲಿ ಸಾಕು. ತಟ್ಟೆಯನ್ನೇ ಕೈಗೆತ್ತಿಕೊಳ್ಳಿ. ಕರ್ರಗೆ, ಭಾರವಾಗಿ, ಕೈಜಾರಿದರೆ ಹೆಂಚಿನ ಹಾಗೆ ಚೂರು. ಫೋನೋಟಿಪಿಯಾ ತಟ್ಟೆಯ ಅಗಲ 27 ಸೆಂಟಿಮೀಟರು, ಊಟದ ತಟ್ಟೆಯಷ್ಟು. ಅದರ ಒಂದು ಮಗ್ಗುಲಿನ ಚಡಿಯನ್ನು ನೂಲಿನ ಹಾಗೆ ಬಿಚ್ಚಿ ಎಳೆದರೆ ಎಷ್ಟು ಉದ್ದ ಬಂದೀತು? ಮೂರು ನಿಮಿಷದ ಹಾಡಿಗೆ ನೂರು ಮೀಟರು ದಾಟುತ್ತದೆ! ಓಟದ ಸ್ಪರ್ಧೆಯ ಒಂದು ಪೂರ್ತಿ ಓಟ, ಕೂದಲಿನಷ್ಟು ಸಪೂರ ಓಣಿಯಲ್ಲಿ!

ಅದನ್ನು ಯಾವುದರಿಂದ ಮಾಡಿದ್ದಾರೆ? ಕಲ್ಲಿನ ಪುಡಿ. ಮಸಿ. ಹತ್ತಿಯ ನಾರು. ಇವನ್ನೆಲ್ಲ ಹಿಡಿದು ನಿಲ್ಲಿಸುವ ಅಂಟು ಒಂದು ಬೇಕಲ್ಲ? ಅದು ಯಾವುದು, ಎಲ್ಲಿಯದು? ಇದನ್ನು ನೀವು ಊಹಿಸಿದರೆ ನಿಮಗೆ ದೊಡ್ಡ ನಮಸ್ಕಾರ.

ಅರಗು! ನಮ್ಮ ಅರಗು!

ಮುತ್ತುಗದ ಮರದ ಕೊಂಬೆಗೆ ಅಂಟಿಕೊಂಡು ಪುಟ್ಟ ಕೀಟಗಳು ಸ್ರವಿಸುವ ಅರಗು. ಆ ಕಾಲದಲ್ಲಿ ಜಗತ್ತಿನ ಬಹುಪಾಲು ಅರಗು ಹೋಗುತ್ತಿದ್ದದ್ದು ಭಾರತದಿಂದ, ಛೋಟಾ ನಾಗಪುರದಂಥ ಕಾಡುಗಳಿಂದ. ಚನ್ನಪಟ್ಟಣದ ಬೊಂಬೆ ಮಿರಮಿರ ಮಿಂಚುವುದು ಯಾವುದರಿಂದ? ಅರಗಿನಿಂದಲೇ! ದುರ್ಯೋಧನ ಪಾಂಡವರಿಗೆ ಕಟ್ಟಿಸಿದ ಮನೆ? ಅದೂ ಅರಗಿನದ್ದೇ! ಆ ಅರಗಿನ ಮನೆ ಒಳಗಿದ್ದವರನ್ನು ಸುಡಲೆಂದು ಕಟ್ಟಿದ್ದು. ಈ ಅರಗಿನ ತಟ್ಟೆ ಒಳಗಿದ್ದವನನ್ನು ಕಾಪಾಡಿಕೊಂಡು ಬಂತು!

ಅರಗಿನ ತಟ್ಟೆಗೆ ನಮ್ಮವರೂ ಹಾಡಿದರು. 1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲೊಂದರಲ್ಲಿ ಹೆಸರಾಂತ ಟೆನರ್ ಎನ್ರಿಕೊ ಕರೂಸೊನ ದನಿ ಹಿಡಿದ ಫ್ರೆಡ್ ಗೈಸ್‌ಬರ್ಗ್ ಎಂಬ ರೆಕಾರ್ಡ್ ಕಂಪನಿಯಾತ ಅದೇ ವರ್ಷದ ನವೆಂಬರ್‌ನಲ್ಲಿ ಎಲ್ಲಿದ್ದ? ಕಲ್ಕತ್ತದಲ್ಲಿ! ಅವನ ತುತ್ತೂರಿಯ ಮುಂದೆ ನಿಂತವರು ಗಾಯಕಿ ಗೌಹರ್ ಜಾನ್. ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಠಣ್ಣನೆ ಸಾರುತ್ತಿದ್ದರು. ಆ ಗೌಹರ್ ಜಾನ್ ಕೊನೆಗೆ ಅರಮನೆಯ ಆಸ್ಥಾನ ವಿದುಷಿಯಾಗಿ ಬಂದದ್ದು ಯಾವ ಊರಿಗೆ? ಮೈಸೂರಿಗೆ! 1930ರ ಜನವರಿಯಲ್ಲಿ ಅವರು ಕಣ್ಣು ಮುಚ್ಚಿದ್ದೂ ಮೈಸೂರಿನಲ್ಲೇ.

ಈಗ ವಾಪಸ್ ನಮ್ಮ ಅರ್ಧ ನಿಮಿಷಕ್ಕೆ. ಒಂದು ಬಾಕಿ ಉಳಿಸಿಕೊಂಡಿದ್ದೇನೆ.

ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಹಿಡಿಸುತ್ತದೆ. ಹಾಡು ಅರ್ಧ ನಿಮಿಷ. ಉಳಿದ ಮೇಣಕ್ಕೆ ಏನು ಗತಿ? ಅದಕ್ಕೇ ಇರಬೇಕು, ಈ ಉಪಾಯ. ಕೋಣೆಯಲ್ಲಿ ಒಂದಷ್ಟು ಜನ. ಹಾಡು ಮುಗಿಯುತ್ತಲೇ ಚಪ್ಪಾಳೆ. ಇಟಲಿಯ ರಂಗಮಂದಿರಗಳಲ್ಲಿ ನಮ್ಮ ಒನ್ಸ್ ಮೋರ್‌ಗೆ 'ಬಿಸ್' ಅನ್ನುತ್ತಾರೆ. ಎರಡು ಸಲ ಎಂದರ್ಥ. ಲಾ ಸ್ಕಾಲಾದ ಒಂದು ಚಿಟಿಕೆಯನ್ನು ತಂದು ಆ ಕೋಣೆಯಲ್ಲಿ ಉದುರಿಸಿದ ಹಾಗೆ! ಎರಡನೆಯ ಸಲ ಹಾಡುತ್ತಾನೆ ಮೊರೆಲ್. ಮೊದಲಿಗಿಂತ ಸಲೀಸು. ಮತ್ತೆ ಚಪ್ಪಾಳೆ!

ಮುಗಿಯಿತೇ?

ಇಲ್ಲ! ಮೂರನೆಯ ಸಲ ಶುರುಮಾಡುತ್ತಾನೆ! ಕಿವಿಗೊಟ್ಟು ಕೇಳಿ. ಏನೋ ಬದಲಾಗಿದೆ. ರಾಗ ಅದೇ. ಚಿಟ್ಟೆ ಅದೇ. ಬದಲಾದದ್ದು ಏನು?

ಭಾಷೆ!

ಈ ಸಲ ಹಾಡುತ್ತಿರುವುದು ಫ್ರೆಂಚಿನಲ್ಲಿ. ಮೊರೆಲ್ ಹುಟ್ಟಿದ್ದು ಇಟಲಿಯಲ್ಲಿ ಅಲ್ಲವೇ ಅಲ್ಲ. ಫ್ರಾನ್ಸಿನ ಮಾರ್ಸೇಯ್ ಬಂದರಿನಲ್ಲಿ! ಎರಡು ಸಲ ವೆರ್ಡಿಯ ಭಾಷೆಯಲ್ಲಿ ಹಾಡಿ, ಮೂರನೆಯ ಸಲ ತನ್ನ ಮನೆಮಾತಿಗೆ ಬಂದಿದ್ದಾನೆ. ಇಷ್ಟು ಹೊತ್ತು ಬೂಟು ಹಾಕಿಕೊಂಡು ಕುಣಿದವನು ಬರಿಗಾಲಲ್ಲಿ ಕುಣಿದ ಹಾಗೆ! ನಾನು ಹುಡುಗನಾಗಿದ್ದಾಗ ಅನ್ನುವ ಮಾತನ್ನು, ಹುಡುಗನಾಗಿದ್ದಾಗ ಆಡಿದ ಭಾಷೆಯಲ್ಲೇ!

ಆಮೇಲೂ ಈತ ಸುಮ್ಮನೆ ಕೂತವನಲ್ಲ. ಎಪ್ಪತ್ತರ ವಯಸ್ಸಿನಲ್ಲಿ, 1919ರಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾಗೆ ಏನು ಮಾಡಿಕೊಟ್ಟ ಗೊತ್ತೇ? ಹಾಡಲಿಲ್ಲ. ಗೂನೋ ಎಂಬಾತ ಬರೆದ 'ಮಿರೆಯ್' ಆಪೆರಾಗೆ ರಂಗಸಜ್ಜಿಕೆ ವಿನ್ಯಾಸ ಮಾಡಿದ! ಕುಂಚ ಹಿಡಿಯಲೂ ಬರುತ್ತಿತ್ತು ಮಹಾರಾಯನಿಗೆ.

1923ರ ಅಕ್ಟೋಬರ್ 22ರಂದು ನ್ಯೂಯಾರ್ಕಿನಲ್ಲೇ ಮೊರೆಲ್ ತೀರಿಕೊಂಡ.

ಇದನ್ನೆಲ್ಲ ಅಮ್ಮನಿಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರೆಕಾಯಿ ಖಾಲಿಯಾಗಿತ್ತು. ಸಿಪ್ಪೆಯನ್ನು ಮೊರದಲ್ಲಿ ಬಳಿದುಕೊಂಡು ಅಮ್ಮ ಎದ್ದಳು. ನಾನು ಫೋನು ಮುಚ್ಚಿಟ್ಟೆ. ಅಡುಗೆಮನೆಯ ದೀಪ ಹಾಕಿದ ಸದ್ದು. ಆಮೇಲೆ ಒಳಗಿನಿಂದ, ಜಾತ್ರೆಯ ಟೆಂಟಿನ ಹಿಂದಿನ ಸಾಲಿನಿಂದ ಬಂದ ಹಾಗೆ, ಒಂದು ಕೂಗು:

"ಒನ್ಸ್ ಮೋರ್!"

ಒತ್ತಿದೆ. ಚಟಪಟ ಸಾಸಿವೆ. ದೂರದ ಪಿಯಾನೊ.

ಎದ್ದು ಕೂತ ನೋಡಿ!